ಬುಲೆಟ್ ಕನೆಕ್ಟರ್
ಬುಲೆಟ್ ಕನೆಕ್ಟರ್ ಎಂಬುದು ರೇಡಿಯೋ ನಿಯಂತ್ರಿತ ಕಾರುಗಳಲ್ಲಿ ಬ್ರಷ್‌ರಹಿತ ಮೋಟಾರಿನ ಮೂರು ತಂತಿಗಳನ್ನು ವೇಗ ನಿಯಂತ್ರಕಕ್ಕೆ ಜೋಡಿಸುವ ದುಂಡನೆಯ ಲೋಹದ ಸಂಪರ್ಕ ಸಾಧನ. ಸಾಮಾನ್ಯವಾಗಿ ಇದಕ್ಕೆ ಚಿನ್ನದ ಲೇಪವಿರುತ್ತದೆ. ಬೆಸುಗೆಯನ್ನು ಬಿಚ್ಚದೆ ಮೋಟಾರನ್ನು ಬದಲಾಯಿಸಲು ಇದು ನೆರವಾಗುತ್ತದೆ.

ಇವು 3.5, 4, 5.5, 6.5 ಮಿ.ಮೀ. ಮೊದಲಾದ ವ್ಯಾಸಗಳಲ್ಲಿ ದೊರೆಯುತ್ತವೆ. 3.5 ಮಿ.ಮೀ. ಗಂಡು ತುದಿಯನ್ನು 4 ಮಿ.ಮೀ. ಹೆಣ್ಣು ತುದಿಗೆ ಸೇರಿಸಿದರೆ ಹಿಡಿತ ಸಡಿಲವಾಗಿ ವಿದ್ಯುತ್ ರೋಧ ಹೆಚ್ಚುತ್ತದೆ. ಸಂಪರ್ಕದಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. 0.5 ಮಿಲಿಓಮ್ ರೋಧವಿರುವ ಜೋಡಣೆಯಲ್ಲಿ 50 ಆಂಪಿಯರ್ ಹರಿದಾಗ 1.25 ವ್ಯಾಟ್, 100 ಆಂಪಿಯರ್ ಹರಿದಾಗ 5 ವ್ಯಾಟ್ ಉಷ್ಣ ಉಂಟಾಗುತ್ತದೆ. ಆದ್ದರಿಂದ ಹೆಚ್ಚು ಶಕ್ತಿಯ ಮೋಟಾರನ್ನು ಅಳವಡಿಸುವಾಗ ಹಳೆಯ ಕನೆಕ್ಟರನ್ನೇ ಉಳಿಸಿಕೊಳ್ಳುವುದು ಉಳಿತಾಯವೆನಿಸದು.

ಸಂವೇದಕವಿಲ್ಲದ ಮೋಟಾರು ಹಿಮ್ಮುಖವಾಗಿ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಕೊಳ್ಳೇಗಾಲ, ಹನೂರು, ಯಳಂದೂರು ಮುಂತಾದೆಡೆಯ ರೈತರಿಗೆ ಈ ಉಪಾಯ ಹೊಸದಲ್ಲ. ತ್ರೀ ಫೇಸ್ ಪಂಪ್‌ಸೆಟ್ ಉಲ್ಟಾ ತಿರುಗಿದಾಗ ಮಾಡುವುದೂ ಇದನ್ನೇ. ಸಂವೇದಕವಿರುವ ಮೋಟಾರುಗಳಿಗೆ ಮಾತ್ರ ಇದು ಸಲ್ಲದು. ಅವುಗಳಲ್ಲಿ ಎ, ಬಿ, ಸಿ ಗುರುತಿನ ತಂತಿಗಳನ್ನು ಅದೇ ಗುರುತಿನ ತುದಿಗಳಿಗೇ ಜೋಡಿಸಿ, ದಿಕ್ಕನ್ನು ನಿಯಂತ್ರಕದ ಸೆಟ್ಟಿಂಗ್‌ನಲ್ಲಿ ಬದಲಿಸಬೇಕು.

ಬ್ಯಾಟರಿಗೆ ಬಳಸುವ ಎಕ್ಸ್‌ಟಿ60 ಕನೆಕ್ಟರಿಗೆ ಎರಡೇ ಧ್ರುವಗಳಿರುವುದರಿಂದ ಅದು ಇಲ್ಲಿ ಒದಗದು. ಮೂರು ಧ್ರುವಗಳ ಎಂಟಿ60 ಬಳಸಬಹುದು. ಆದರೆ ಅದರಲ್ಲಿ ಒಂದೊಂದೇ ತಂತಿಯನ್ನು ಬಿಡಿಸಿ ಅದಲುಬದಲು ಮಾಡಲಾಗದು.

ಪ್ರತಿ ಬುಲೆಟ್ ಜೋಡಣೆಯ ಮೇಲೂ ಹೀಟ್ ಶ್ರಿಂಕ್ ಕೊಳವೆಯ ಹೊದಿಕೆ ಅಗತ್ಯ. ಓಟದ ನಡುವೆ ಎರಡು ಬರಿಯ ತುದಿಗಳು ತಾಗಿದರೆ ನಿಯಂತ್ರಕವು ಸುಟ್ಟುಹೋಗಬಹುದು.