ಎರಡು ನೈಲ್ ನಡುವಿನ ಸುಡಾನ್

ಸುಡಾನ್ ಎಂದರೆ ಬರೀ ಮರಳುಗಾಡು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಆ ದೇಶವನ್ನು ರೂಪಿಸಿದ್ದು ನದಿ. ತುಂಗೆ-ಭದ್ರೆಯರು ಕೂಡಲಿಯಲ್ಲಿ ಸೇರುವಂತೆ ಬಿಳಿ ನೈಲ್ ಮತ್ತು ನೀಲಿ ನೈಲ್ ಖಾರ್ಟೂಮ್‌ನಲ್ಲಿ ಕೂಡುತ್ತವೆ. ಎರಡು ಬಣ್ಣದ ನೀರು ಸ್ವಲ್ಪ ದೂರ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತದೆ. ಅಧಿಕಾರ, ಶಾಲೆ, ಆಸ್ಪತ್ರೆ ಬಹುಪಾಲು ಈ ನದಿಯಂಚಿನಲ್ಲೇ ನೆಲೆಸಿದವು. ಪಶ್ಚಿಮದ ದಾರ್ಫುರ್ ಹಿಂದುಳಿಯಿತು. ಅಲ್ಲಿನ ಕಲಹಗಳಿಗೆ ಈ ಅಸಮತೋಲನವೂ ಒಂದು ಮುಖ್ಯ ಕಾರಣ. ಅರಬರು ಮತ್ತು ಆಫ್ರಿಕನ್ನರ ಜನಾಂಗ ದ್ವೇಷವೇ ಮೂಲವೆಂದು ವಾದಿಸುವವರಿದ್ದಾರೆ. ಆದರೆ 2023ರ ಏಪ್ರಿಲ್ 15ರಂದು ಯುದ್ಧ ಶುರುವಾದದ್ದು ಸೇನೆ ಮತ್ತು ಅರೆಸೇನಾ ಪಡೆಯ ಅಧಿಕಾರದ ಪೈಪೋಟಿಯಿಂದ.

ಆ ಯುದ್ಧದಲ್ಲಿ ಸಿಲುಕಿದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಕೆಲವರು ದಾರ್ಫುರದ ಅಲ್ ಫಾಶಿರ್ ನಗರದಲ್ಲಿದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಕೇಳುವುದು ಸುಲಭ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಸುಬು ಕೈಬಿಟ್ಟ ಸಮುದಾಯಕ್ಕೆ ಮೂಲಿಕೆಯ ಅರಿವೇ ಬಂಡವಾಳ. ನಾಟಿ ಮದ್ದನ್ನು ನಂಬುವ ಜನರಿರುವಲ್ಲಿ ಅದಕ್ಕೆ ಬೆಲೆಯಿದೆ. ಯುದ್ಧ ಶುರುವಾದ ಮೇಲೆ ‘ಆಪರೇಷನ್ ಕಾವೇರಿ’ ಎಂಬ ತೆರವು ಕಾರ್ಯಾಚರಣೆಯಡಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾ ಮೂಲಕ ಕರೆತರಲಾಯಿತು. ಹಕ್ಕಿಪಿಕ್ಕಿಗಳ ಸಾಹಸವನ್ನು ಹಳಿಯುವ ಬದಲು, ಊರಲ್ಲೇ ಭದ್ರ ಬದುಕು ಕಟ್ಟಿಕೊಡುವುದು ನಮ್ಮ ಹೊಣೆ.