ಚಿತ್ರದ ಬೆನ್ನಿಗಿದ್ದ ಉತ್ತರ

ಗುಬ್ಬಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರ ತುಂಬ ‘ಚಂದಮಾಮ’. ತಾತ ವರ್ಷದ ಹನ್ನೆರಡು ಸಂಚಿಕೆಗಳನ್ನು ಒಟ್ಟಿಗೆ ಹೊಲಿಸಿ, ರಟ್ಟು ಹಾಕಿಸಿ, ಬೆನ್ನಿನ ಮೇಲೆ ಇಸವಿ ಬರೆದಿಡುತ್ತಿದ್ದರು. ನನಗಾಗ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ 1976ರ ಸಂಪುಟ ತೆಗೆದೆ. ಶಂಕರ್ ಅವರ ಚಿತ್ರಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಅನ್ನದ ಅಗುಳು ಮೆತ್ತಿ, ನನ್ನ ಡ್ರಾಯಿಂಗ್ ಪುಸ್ತಕಕ್ಕೆ ಅಂಟಿಸಿದೆ. ನನ್ನ ಮೊದಲ ಚಿತ್ರಸಂಗ್ರಹ ಅದು!

ರಾತ್ರಿ ತಾತ ತಮ್ಮನಿಗೆ ಬೇತಾಳನ ಕಥೆ ಓದುತ್ತಿದ್ದರು. ಬೇತಾಳ ಪ್ರಶ್ನೆ ಕೇಳಿತು. ತಾತ ಪುಟ ತಿರುಗಿಸಿದರು. ವಿಕ್ರಮನ ಉತ್ತರ ಇರಬೇಕಾದ ಜಾಗದಲ್ಲಿ ಕಿಟಕಿಯಂಥ ತೂತು!

“ತಾತ, ರಾಜ ಏನಂದ?” ಎಂದ ತಮ್ಮ.

ತಾತ ಬಯ್ಯಲಿಲ್ಲ. “ಉತ್ತರ ನಿಮ್ಮಕ್ಕನ ಹತ್ರ ಇದೆ ಕಣೋ, ಕೇಳು” ಎಂದರು ಅಷ್ಟೆ. ಚಿತ್ರದ ಬೆನ್ನಿಗೆ ಅಂಟಿದ್ದ ಉತ್ತರ ಅನ್ನದ ಅಗುಳಿನಡಿ ಸೇರಿಹೋಗಿತ್ತು. ಬಿಡಿಸಲು ಹೋದರೆ ಚಿತ್ರವೂ ಹರಿಯಿತು. ಕೊನೆಗೆ ತಮ್ಮನೇ ತನಗೆ ತೋಚಿದ ಉತ್ತರ ಹೇಳಿ ಮಲಗಿದ.

ಆ ಚಿತ್ರಗಳು ಯಾರಿಗೆ ತಾನೆ ಇಷ್ಟವಿರಲಿಲ್ಲ? ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ ಬೇಗನೆ ಕನ್ನಡಕ್ಕೂ ಬಂತು. ತಾತನ ಹಳೆಯ ಸಂಪುಟಗಳಲ್ಲಿ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳಿದ್ದವು. 1952ರಲ್ಲಿ ಸೇರಿದ ಕೆ.ಸಿ. ಶಿವಶಂಕರನ್, ಅಂದರೆ ನಮ್ಮ ‘ಶಂಕರ್’, ಹತ್ತಾರು ವರ್ಷ ಅಲ್ಲೇ ಚಿತ್ರ ಬರೆದರು. ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ, ಸ್ಮಶಾನದಲ್ಲಿ ನಡೆಯುವ ವಿಕ್ರಮ ಅವರ ಕುಂಚದವನೇ. 2020ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು.

ದೊಡ್ಡವಳಾದ ಮೇಲೆ ಬೆಂಗಳೂರಿನ ಚಿತ್ರಸಂತೆಗೆ ಹೋಗಿದ್ದೆ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಆ ಸಂತೆಯಲ್ಲಿ ಕುಮಾರಕೃಪಾ ರಸ್ತೆ ಚಿತ್ರಗಳಿಂದ ತುಂಬಿಹೋಗಿರುತ್ತದೆ. ಒಂದು ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ‘5/25’ ಎಂದಿತ್ತು. “ಇದೇನು, ಅಂಕಗಳಾ?” ಎಂದು ಕೇಳಿದೆ. ಕಲಾವಿದ ನಕ್ಕು ವಿವರಿಸಿದರು.

ಮರ, ಲಿನೋಲಿಯಂ ಅಥವಾ ಲೋಹದ ಹಲಗೆಯಲ್ಲಿ ಚಿತ್ರ ಕೊರೆದು, ಶಾಯಿ ಹಚ್ಚಿ, ಕಾಗದವನ್ನು ಒತ್ತಿ ತೆಗೆದರೆ ಅದು ‘ಪ್ರಿಂಟ್’. ಒತ್ತಿದಷ್ಟೂ ಹಲಗೆ ಸವೆಯುತ್ತದೆ, ಗೆರೆ ಮಸುಕಾಗುತ್ತದೆ. ಅದಕ್ಕೇ ಮೊದಲೇ ಲೆಕ್ಕ ಗೊತ್ತುಮಾಡಿಕೊಳ್ಳುತ್ತಾರೆ. ‘5/25’ ಎಂದರೆ ಒಟ್ಟು 25ರಲ್ಲಿ ಇದು ಐದನೆಯದು. ಅಷ್ಟೂ ಮುಗಿದ ಮೇಲೆ ಹಲಗೆಗೆ ಅಡ್ಡಗೀಟು ಹಾಕಿಬಿಡುವುದೂ ಉಂಟು. ಈಗ ಮಕ್ಕಳ ಪುಸ್ತಕಗಳ ಅನೇಕ ಕಲಾವಿದರು ತಮ್ಮ ಚಿತ್ರಗಳನ್ನು ಒಳ್ಳೆಯ ಕಾಗದದ ಮೇಲೆ ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಿಸಿ, ಸಂಖ್ಯೆ ಹಾಕಿ, ಸಹಿ ಮಾಡಿ ಮಾರುತ್ತಾರೆ. ಯಂತ್ರಕ್ಕೆ ಸವೆತದ ಚಿಂತೆ ಇಲ್ಲ. ಅಲ್ಲಿ ಆ ಸಂಖ್ಯೆ ಕಲಾವಿದ ಕೊಟ್ಟ ಮಾತು. ಕೊಳ್ಳುವಾಗ ಸಹಿ, ಸಂಖ್ಯೆ, ಕಾಗದ ಯಾವುದು ಎಂದು ಕೇಳಿಯೇ ಕೊಳ್ಳಬೇಕು.

ಮೊಲದ ಮರಿ ಪೀಟರ್‌ನ ಕಥೆ ಬರೆದು ಚಿತ್ರಿಸಿದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಅವರನ್ನು ಪ್ರಕಾಶಕರು ಮೊದಲು ವಾಪಸು ಕಳಿಸಿದ್ದರು. ಆಕೆ 1901ರ ಡಿಸೆಂಬರಿನಲ್ಲಿ ತಾವೇ 250 ಪ್ರತಿ ಅಚ್ಚು ಹಾಕಿಸಿ ಸ್ನೇಹಿತರಿಗೆ, ಬಂಧುಗಳಿಗೆ ಹಂಚಿದರು. ಇಂದು ಸಂಗ್ರಾಹಕರು ಅವುಗಳಿಗಾಗಿ ಹಂಬಲಿಸುತ್ತಾರೆ. ನಮ್ಮ ಪಕ್ಕದ ಚೆನ್ನೈನಲ್ಲೇ ತಾರಾ ಬುಕ್ಸ್ ಇದೆ. ಗೊಂಡ ಕಲಾವಿದರ ‘ದಿ ನೈಟ್ ಲೈಫ್ ಆಫ್ ಟ್ರೀಸ್’ ಪುಸ್ತಕವನ್ನು ಕೈಯಿಂದ ಮಾಡಿದ ಕಪ್ಪು ಕಾಗದದ ಮೇಲೆ, ಕೈಯಿಂದಲೇ ಸ್ಕ್ರೀನ್ ಪ್ರಿಂಟ್ ಮಾಡಿ, ಪ್ರತಿಯೊಂದಕ್ಕೂ ಸಂಖ್ಯೆ ಬರೆದು ಕೊಡುತ್ತಾರೆ.

ಹಾಗಾದರೆ ಸಾವಿರಾರು ಪ್ರತಿ ಅಚ್ಚಾದ ನಮ್ಮ ‘ಚಂದಮಾಮ’ ಏಕೆ ಸಿಗುವುದಿಲ್ಲ? ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ಲಕ್ಷ್ಮಿ, ಸರಸ್ವತಿಯರ ಪಟಗಳನ್ನು ಮನೆಮನೆಗೆ ತಲುಪಿಸಿದರು. ದೇವರ ಪಟವನ್ನು ಯಾರೂ ರದ್ದಿಗೆ ಹಾಕಲಿಲ್ಲ. ಗಾಜು ಒಡೆದರೂ ಅಶ್ವತ್ಥಕಟ್ಟೆಯಲ್ಲಿ ಒರಗಿಸಿ ಬಂದರು. ಮಕ್ಕಳ ಪತ್ರಿಕೆಯಾದರೋ ಓದಿ ಮುಗಿದೊಡನೆ ಕಡಲೆಕಾಯಿ ಪೊಟ್ಟಣವಾಯಿತು.

ಇದು ನನಗೆ ತಿಳಿದದ್ದು 1976ರ ಆ ಸಂಚಿಕೆ ಹುಡುಕಲು ಹೊರಟಾಗ. ಅಷ್ಟರಲ್ಲಿ ತಾತ ಇರಲಿಲ್ಲ. ಕುಣಿಗಲ್‌ನ ಚಿಕ್ಕಮ್ಮ, “ಅಟ್ಟದ ಮೇಲೆ ಒಂದು ಗಂಟು ಇರಬೇಕು ನೋಡೇ” ಎಂದರು. ಇತ್ತು, ಅರ್ಧ ಗೆದ್ದಲಿನ ಪಾಲಾಗಿತ್ತು. ಉಳಿದ ಒಂದು ಪುಟದಲ್ಲಿ ಶಂಕರ್ ಬರೆದ ಕುದುರೆ. ಬಾಲ್ಯದಲ್ಲಿ ಅಲ್ಲಿನ ಕುದುರೆ ಫಾರಂನ ಬೇಲಿಯಾಚೆ ಇಣುಕಿ, “ಶಂಕರ್ ಬರೆದ ಹಾಗೇ ಇದೆ” ಎಂದು ನಿಜವಾದ ಕುದುರೆಗೇ ನಾನು ಅಂಕ ಕೊಟ್ಟಿದ್ದೆನಂತೆ. ಚಿಕ್ಕಮ್ಮ ನೆನಪಿಸಿಕೊಂಡು ನಕ್ಕರು.

ಕೊನೆಗೆ ಸಿಕ್ಕಿದ್ದು ತುಮಕೂರಿನ ಒಂದು ಹಳೇ ಪೇಪರ್ ಅಂಗಡಿಯಲ್ಲಿ, ಗೈಡುಗಳ ಕಟ್ಟಿನ ನಡುವೆ. “ಹರಿದಿದೆಯಲ್ಲ ಮೇಡಂ, ಬೇರೆ ನೋಡಿ” ಎಂದ ಅಂಗಡಿಯವನು. ಮುಖಪುಟ ಇರಲಿಲ್ಲ, ಮೂಲೆ ಇಲಿ ಕಡಿದಿತ್ತು. ನಾನು ನೋಡಿದ್ದು ಒಂದೇ ಪುಟ. ಚಿತ್ರ ಇತ್ತು. ತಿರುಗಿಸಿದೆ; ಉತ್ತರವೂ ಇತ್ತು. ಚಿತ್ರಸಂತೆಯಲ್ಲಿ ಕೊಂಡ ಪ್ರಿಂಟು ನನ್ನ ಗೋಡೆಯ ಮೇಲಿದೆ. ಆದರೆ ಸಂಖ್ಯೆಯಿಲ್ಲದ, ಸಹಿಯಿಲ್ಲದ ಈ ಪುಟಕ್ಕೆ ಮಾತ್ರ ನನ್ನ ಕೈ ನಡುಗಿತು. ಅಚ್ಚಾದದ್ದು ಎಷ್ಟೇ ಇರಲಿ, ಯಾರೋ ಎತ್ತಿಟ್ಟದ್ದಷ್ಟೇ ಉಳಿಯುವುದು.

ಮನೆಯಲ್ಲಿ ಹಳೆಯ ಚಿತ್ರಪುಸ್ತಕ ಇದ್ದರೆ ದಯವಿಟ್ಟು ಕತ್ತರಿಸಬೇಡಿ. ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ. ಟೇಪು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಬಿಸಿಲು, ತೇವ ತಾಗದ ಕಡೆ ಇಡಿ, ಆಗಾಗ ತೆಗೆದು ನೋಡಿ. ಮಕ್ಕಳಿಗೆ ಸಂಗ್ರಹದ ಆಸೆಯಿದ್ದರೆ ಅರ್ಧ ಆಲೂಗಡ್ಡೆಯಲ್ಲಿ ಚಿತ್ರ ಕೆತ್ತಿಸಿ, ಬಣ್ಣ ಹಚ್ಚಿ ಹತ್ತೇ ಪ್ರತಿ ಒತ್ತಿಸಿ. 1/10, 2/10 ಎಂದು ಬರೆದು ಸಹಿ ಹಾಕಲಿ. ಸಂಜೆಯೊಳಗೆ ಆಲೂಗಡ್ಡೆ ಬಾಡುತ್ತದೆ, ಹನ್ನೊಂದನೆಯದು ಸಾಧ್ಯವಿಲ್ಲ!

ಅಂಗಡಿಯ ಮುಂದೆ ನಿಂತೇ ತಮ್ಮನಿಗೆ ಫೋನ್ ಮಾಡಿ ವಿಕ್ರಮನ ಉತ್ತರ ಓದಿ ಹೇಳಿದೆ. ಈಗ ಅವನ ತಲೆಯೂ ನರೆತಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

“ಅಕ್ಕ, ಅವತ್ತು ನಾನು ಹೇಳಿದ್ದೇ ಚೆನ್ನಾಗಿತ್ತು ಬಿಡು. ಆದರೂ ಆ ಪುಟ ಜೋಪಾನ. ಮೊಮ್ಮಗಳು ಬಂದಾಗ ತಾತನ ಹಾಗೆ ಓದಬೇಕು.”