ಟ್ರ್ಯಾಪ್ ಶೂಟಿಂಗ್ ಬಂದೂಕು

ಟ್ರ್ಯಾಪ್ ಶೂಟಿಂಗ್ ಬಂದೂಕು ಎಂಬುದು ಯಂತ್ರವು ಗಾಳಿಗೆ ಎಸೆಯುವ ಬಿಲ್ಲೆಗಳನ್ನು ಹೊಡೆದು ಒಡೆಯುವ ಟ್ರ್ಯಾಪ್ ಕ್ರೀಡೆಗೆ ಬಳಸುವ ಶಾಟ್‌ಗನ್. ಶಾಟ್‌ಗನ್ ಒಂದೇ ಗುಂಡನ್ನು ಹಾರಿಸುವುದಿಲ್ಲ. ಪ್ರತಿ ಕಾಡತೂಸಿನಿಂದ ನೂರಾರು ಸಣ್ಣ ಸೀಸದ ಗುಂಡುಗಳನ್ನು, ಅಂದರೆ ಚರೆಗಳನ್ನು, ಗುಂಪಾಗಿ ಹೊರಹಾಕುತ್ತದೆ. ಬೇಟೆಗೆ ಬಳಸುವ ಶಾಟ್‌ಗನ್‌ಗೆ ಹೋಲಿಸಿದರೆ ಟ್ರ್ಯಾಪ್ ಬಂದೂಕು ಹೆಚ್ಚು ಭಾರವಾಗಿಯೂ ಉದ್ದವಾಗಿಯೂ ಇರುತ್ತದೆ ಮತ್ತು ಗುರಿಗಿಂತ ತುಸು ಮೇಲಕ್ಕೆ ಹೊಡೆಯುವಂತೆ ರಚಿತವಾಗಿರುತ್ತದೆ. ಹವ್ಯಾಸಕ್ಕಾಗಿ ಈ ಕ್ರೀಡೆಯನ್ನು ಆರಂಭಿಸುವವರು ಮೊದಲ ಬಂದೂಕನ್ನು ಆರಿಸುವಾಗ ತಯಾರಕರ ಹೆಸರು, ಬೆಲೆ ಮತ್ತು ನಳಿಗೆಯ ಉದ್ದಕ್ಕೆ ಗಮನ ಕೊಡುವುದು ಸಾಮಾನ್ಯ. ಆದರೆ ಫಲಿತಾಂಶದ ಮೇಲೆ ಹೆಚ್ಚಿನ ಪರಿಣಾಮ ಬೀರುವುದು ಬಂದೂಕು ಹೊಡೆಯುವವರ ದೇಹಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು.

ಹಿನ್ನೆಲೆ

ಟ್ರ್ಯಾಪ್ ಶೂಟಿಂಗ್ 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೀವಂತ ಪಾರಿವಾಳಗಳನ್ನು ಹೊಡೆಯುವ ಸ್ಪರ್ಧೆಯಾಗಿ ಆರಂಭವಾಯಿತು. ಹಕ್ಕಿಗಳನ್ನು ಕೂಡಿಹಾಕಿ ಬಿಡುತ್ತಿದ್ದ ಪೆಟ್ಟಿಗೆಗೆ ‘ಟ್ರ್ಯಾಪ್’ ಎಂಬ ಹೆಸರಿತ್ತು. 19ನೆಯ ಶತಮಾನದಲ್ಲಿ ಹಕ್ಕಿಗಳ ಬದಲು ಗಾಜಿನ ಚೆಂಡುಗಳು ಬಳಕೆಗೆ ಬಂದವು. 1880ರ ಸುಮಾರಿಗೆ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಚಪ್ಪಟೆಯಾದ ಮಣ್ಣಿನ ಬಿಲ್ಲೆಯನ್ನು ರೂಪಿಸಿದರು. ಈಗಿನ ಬಿಲ್ಲೆಗಳನ್ನು ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟಿನಿಂದ ತಯಾರಿಸಲಾಗುತ್ತದೆಯಾದರೂ ‘ಕ್ಲೇ’, ಅಂದರೆ ಜೇಡಿಮಣ್ಣು, ಎಂಬ ಹೆಸರು ಉಳಿದುಕೊಂಡಿದೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಪ್ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಮಹಿಳೆಯರ ಟ್ರ್ಯಾಪ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾಯಿತು.

ಕ್ರೀಡೆಯ ಸ್ವರೂಪ ಮತ್ತು ಬಂದೂಕಿನ ಅಗತ್ಯಗಳು

ಹವ್ಯಾಸಿಗಳಲ್ಲಿ ಹೆಚ್ಚು ಪ್ರಚಲಿತವಾಗಿರುವುದು ಅಮೆರಿಕನ್ ಟ್ರ್ಯಾಪ್. ಇದರಲ್ಲಿ ನೆಲಮಟ್ಟದ ಸಣ್ಣ ಕಟ್ಟಡದೊಳಗಿನ ಒಂದೇ ಯಂತ್ರ ಬಿಲ್ಲೆಯನ್ನು ಎಸೆಯುತ್ತದೆ. ಅದರ 16 ಗಜ (ಸುಮಾರು 14.6 ಮೀಟರ್) ಹಿಂದೆ ಐದು ಸ್ಥಾನಗಳಿದ್ದು, ಐದು ಜನರ ತಂಡ ಸರದಿಯಂತೆ ಹೊಡೆಯುತ್ತದೆ. ಪ್ರತಿ ಸ್ಥಾನದಿಂದ ಐದರಂತೆ ಒಂದು ಸುತ್ತಿಗೆ 25 ಬಿಲ್ಲೆಗಳು. ಪ್ರತಿ ಬಿಲ್ಲೆಗೆ ಒಂದೇ ಹೊಡೆತ. ಹ್ಯಾಂಡಿಕ್ಯಾಪ್ ಎಂಬ ಪ್ರಕಾರದಲ್ಲಿ ನಿಪುಣರು 27 ಗಜದವರೆಗೆ ಹಿಂದೆ ಸರಿದು ನಿಲ್ಲುತ್ತಾರೆ. ಡಬಲ್ಸ್ ಪ್ರಕಾರದಲ್ಲಿ ಎರಡು ಬಿಲ್ಲೆಗಳು ಒಟ್ಟಿಗೆ ಹಾರುತ್ತವೆ.

ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಕಂದಕವೊಂದರಲ್ಲಿ 15 ಯಂತ್ರಗಳಿರುತ್ತವೆ. ಬಿಲ್ಲೆಗಳು ಇನ್ನೂ ವೇಗವಾಗಿ, ಸುಮಾರು 76 ಮೀಟರ್ ದೂರಕ್ಕೆ ಹಾರುತ್ತವೆ. ಅರ್ಹತಾ ಸುತ್ತುಗಳಲ್ಲಿ ಪ್ರತಿ ಬಿಲ್ಲೆಗೆ ಎರಡು ಹೊಡೆತಗಳಿಗೆ ಅವಕಾಶವಿದೆ.

ಎರಡೂ ಪ್ರಕಾರಗಳಲ್ಲಿ ಬಿಲ್ಲೆಯು ಹೊಡೆಯುವವರಿಂದ ದೂರ ಸರಿಯುತ್ತ ಮೇಲಕ್ಕೇರುತ್ತದೆ. ಅದು ಎಡಕ್ಕೆ ಹೋಗುವುದೋ ಬಲಕ್ಕೋ ಎಂಬುದು ಮೊದಲೇ ತಿಳಿದಿರುವುದಿಲ್ಲ. 16 ಗಜದ ಸ್ಥಾನದಿಂದ ಹೊಡೆಯುವವರಲ್ಲಿ ಹೆಚ್ಚಿನವರು ಬಿಲ್ಲೆಯನ್ನು ತಮ್ಮಿಂದ 30 ಮೀಟರಿನ ಆಸುಪಾಸಿನಲ್ಲಿ ಒಡೆಯುತ್ತಾರೆ. ಹೀಗಾಗಿ ಬಂದೂಕಿಗೆ ಮೂರು ಗುಣಗಳು ಬೇಕಾಗುತ್ತವೆ: ಚರೆಗಳ ಗುಂಪು ಆ ದೂರದಲ್ಲಿಯೂ ದಟ್ಟವಾಗಿರಬೇಕು, ಏರುತ್ತಿರುವ ಗುರಿಗೆ ತಕ್ಕಂತೆ ತುಸು ಮೇಲೆ ಬೀಳಬೇಕು ಮತ್ತು ನಳಿಗೆ ಅಲುಗಾಡದೆ ಸರಾಗವಾಗಿ ತಿರುಗಬೇಕು.

ವಿಧಗಳು

ಒಂಟಿ ನಳಿಗೆಯ ಮಡಚು ಬಂದೂಕು: ಕೀಲಿನಲ್ಲಿ ಮಡಚಿ ಒಂದು ಕಾಡತೂಸನ್ನು ತುಂಬುವ ಬಂದೂಕು. 1960ರ ದಶಕದ ಕೊನೆಯಿಂದ ಬಳಕೆಯಲ್ಲಿರುವ ಬ್ರೌನಿಂಗ್ ಬಿಟಿ-99 ಇದಕ್ಕೆ ಪ್ರಸಿದ್ಧ ಉದಾಹರಣೆ. ಅಮೆರಿಕನ್ ಟ್ರ್ಯಾಪ್‌ನ ಒಂಟಿ ಬಿಲ್ಲೆಗೆ ಇದು ಸಾಕಾಗುತ್ತದೆ. ಆದರೆ ಡಬಲ್ಸ್ ಆಡುವುದು ಸಾಧ್ಯವಿಲ್ಲ.

ಮೇಲು-ಕೆಳಗಿನ ಜೋಡು ನಳಿಗೆ: ಒಂದರ ಮೇಲೊಂದು ನಳಿಗೆಯಿರುವ ಈ ವಿಧವನ್ನು ಓವರ್-ಅಂಡರ್ ಎನ್ನಲಾಗುತ್ತದೆ. ಜಾನ್ ಬ್ರೌನಿಂಗ್ ಅವರ ಕೊನೆಯ ವಿನ್ಯಾಸವಾದ ಸೂಪರ್‌ಪೋಸ್ಡ್ ಇದನ್ನು ಜನಪ್ರಿಯಗೊಳಿಸಿತು. ಇಟಲಿಯ ಪೆರಾಟ್ಸಿ ಸಂಸ್ಥೆಯು 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗಾಗಿ ರೂಪಿಸಿದ ಎಂಎಕ್ಸ್8 ತನ್ನ ಹೆಸರನ್ನು ಆ ಕ್ರೀಡಾಕೂಟದಿಂದಲೇ ಪಡೆದಿದೆ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಈಗ ಬಹುತೇಕ ಎಲ್ಲರೂ ಬಳಸುವುದು ಈ ವಿಧವನ್ನೇ. ಎಲ್ಲ ಪ್ರಕಾರಗಳಿಗೂ ಒದಗುವುದು ಇದರ ಅನುಕೂಲ. ಬೆಲೆ ಹೆಚ್ಚಿರುವುದು ಅನನುಕೂಲ.

ಅರೆಸ್ವಯಂಚಾಲಿತ ಬಂದೂಕು: ಹೊಡೆತದ ಅನಿಲದ ಒತ್ತಡವನ್ನು ಅಥವಾ ಹಿನ್ನೂಕನ್ನು ಬಳಸಿ ಮುಂದಿನ ಕಾಡತೂಸನ್ನು ತಾನೇ ತುಂಬಿಕೊಳ್ಳುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಅನಿಲದಿಂದ ನಡೆಯುವ ಮಾದರಿಗಳಲ್ಲಿ ಹೆಸರಾದದ್ದು. ಈ ಮಾದರಿಗಳಲ್ಲಿ ಭುಜಕ್ಕೆ ಬೀಳುವ ಒದೆತ ಮೆದುವಾಗಿರುತ್ತದೆ. ಆದರೆ ಖಾಲಿ ಕಾಡತೂಸು ಬದಿಗೆ ಸಿಡಿದು ಪಕ್ಕದವರಿಗೆ ತಗಲುವುದರಿಂದ, ಅದನ್ನು ತಡೆಯುವ ಸಣ್ಣ ಸಾಧನವನ್ನು ಬಂದೂಕಿಗೆ ಅಳವಡಿಸಿಕೊಳ್ಳುವುದು ರೂಢಿ. ಇವುಗಳಿಗೆ ನಿಯಮಿತವಾದ ಶುಚಿಕಾರ್ಯವೂ ಅಗತ್ಯ.

ಪಂಪ್ ಬಂದೂಕು: ಮುಂಗೈಯ ಹಿಡಿಯನ್ನು ಹಿಂದೆ-ಮುಂದೆ ಎಳೆದು ಕಾಡತೂಸು ತುಂಬುವ ಬಂದೂಕು. ರೆಮಿಂಗ್ಟನ್ 870 ಇದರ ಪ್ರಸಿದ್ಧ ಮಾದರಿ. ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಡಬಲ್ಸ್‌ನಲ್ಲಿ ಎರಡು ಹೊಡೆತಗಳ ನಡುವೆ ಕೈಯಿಂದ ಎಳೆಯಬೇಕಾಗುವುದು ತೊಡಕು.

ಅಕ್ಕಪಕ್ಕ ಜೋಡು ನಳಿಗೆಯಿರುವ ಸಾಂಪ್ರದಾಯಿಕ ಬೇಟೆ ಬಂದೂಕುಗಳನ್ನು ಟ್ರ್ಯಾಪ್‌ನಲ್ಲಿ ಬಳಸುವವರು ಈಗ ವಿರಳ. ಅವು ಸಾಮಾನ್ಯವಾಗಿ ಹಗುರವಾಗಿರುತ್ತವೆ, ಹೀಗಾಗಿ ಒದೆತ ಹೆಚ್ಚು. ಅವುಗಳ ಸ್ಟಾಕ್ ಸಹ ಏರುವ ಗುರಿಗೆ ತಕ್ಕಷ್ಟು ಎತ್ತರವಾಗಿರುವುದಿಲ್ಲ.

ಗೇಜ್, ನಳಿಗೆ ಮತ್ತು ಚೋಕ್

ನಳಿಗೆಯ ಒಳ ಅಗಲವನ್ನು ಗೇಜ್ ಅಥವಾ ಬೋರ್ ಎಂದು ಅಳೆಯಲಾಗುತ್ತದೆ. ಒಂದು ಪೌಂಡ್ ಸೀಸದಿಂದ ನಳಿಗೆಯ ಅಗಲದ ಎಷ್ಟು ಗುಂಡುಗಳನ್ನು ಎರಕ ಹೊಯ್ಯಬಹುದೋ ಆ ಸಂಖ್ಯೆಯೇ ಗೇಜ್. ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು. 12 ಗೇಜ್‌ನ ಅಗಲ ಸುಮಾರು 18.5 ಮಿ.ಮೀ., 20 ಗೇಜ್‌ನದು ಸುಮಾರು 15.6 ಮಿ.ಮೀ. ಟ್ರ್ಯಾಪ್‌ನಲ್ಲಿ 12 ಗೇಜ್ ಸಾಮಾನ್ಯ. ನಳಿಗೆಯ ಉದ್ದ ಬಹುಮಟ್ಟಿಗೆ 30ರಿಂದ 34 ಇಂಚು (76ರಿಂದ 86 ಸೆ.ಮೀ.) ಇರುತ್ತದೆ. ಉದ್ದವಾದ ನಳಿಗೆ ಚರೆಗಳನ್ನು ಹೆಚ್ಚು ದೂರಕ್ಕೆ ಒಯ್ಯುತ್ತದೆ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ಅದರ ನಿಜವಾದ ಪ್ರಯೋಜನವೆಂದರೆ ಮುಂಭಾರದಿಂದಾಗಿ ತೂಗುವಿಕೆ ಸ್ಥಿರವಾಗಿ ಸಾಗುವುದು.

ನಳಿಗೆಯ ತುದಿಯ ಕಿರಿದಾದ ಭಾಗವನ್ನು ಚೋಕ್ ಎನ್ನುತ್ತಾರೆ. ಅದು ಚರೆಗಳ ಹರಡುವಿಕೆಯನ್ನು ನಿಯಂತ್ರಿಸುತ್ತದೆ. 40 ಗಜ ದೂರದಲ್ಲಿ 30 ಇಂಚು ವ್ಯಾಸದ ವೃತ್ತದೊಳಗೆ ಫುಲ್ ಚೋಕ್ ಸುಮಾರು ಶೇ. 70ರಷ್ಟು, ಮಾಡಿಫೈಡ್ ಚೋಕ್ ಸುಮಾರು ಶೇ. 60ರಷ್ಟು ಚರೆಗಳನ್ನು ಇಡುತ್ತದೆ ಎಂಬುದು ರೂಢಿಯ ಲೆಕ್ಕ. 16 ಗಜದ ಸ್ಥಾನದಿಂದ ಹೊಡೆಯುವ ಹೊಸಬರಿಗೆ ಮಾಡಿಫೈಡ್ ಅಥವಾ ಇಂಪ್ರೂವ್ಡ್ ಮಾಡಿಫೈಡ್ ಸಾಕು. ಹಿಂದಿನ ಗಜಗಳಿಗೆ ಫುಲ್ ಚೋಕ್ ಸೂಕ್ತ. ತಿರುಗಿಸಿ ಬದಲಿಸಬಹುದಾದ ಚೋಕ್‌ಗಳಿರುವ ನಳಿಗೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ದೇಹಕ್ಕೆ ಹೊಂದಿಕೆ

ರೈಫಲ್‌ನಲ್ಲಿ ಹಿಂದೊಂದು, ಮುಂದೊಂದು ಗುರಿಸೂಚಕಗಳಿರುತ್ತವೆ. ಶಾಟ್‌ಗನ್‌ನಲ್ಲಿ ಮುಂದಿನ ಮಣಿ ಮಾತ್ರ ಮುಖ್ಯ; ಹಿಂದಿನ ಗುರಿಸೂಚಕದ ಕೆಲಸವನ್ನು ಹೊಡೆಯುವವರ ಕಣ್ಣೇ ಮಾಡುತ್ತದೆ. ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಸ್ಟಾಕ್, ಅಂದರೆ ಭುಜಕ್ಕೂ ಕೆನ್ನೆಗೂ ಆನಿಸುವ ಹಿಂಭಾಗ. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಮೀಟರ್ ದೂರವಿರುತ್ತದೆ. ಕಣ್ಣು ತನ್ನ ಸ್ಥಾನದಿಂದ 3 ಮಿ.ಮೀ. ಸರಿದರೆ 30 ಮೀಟರ್ ದೂರದಲ್ಲಿ ಚರೆಗಳ ಗುಂಪು ಸುಮಾರು 9 ಸೆ.ಮೀ. ಸರಿಯುತ್ತದೆ. ಬಿಲ್ಲೆಯ ವ್ಯಾಸವೇ ಸುಮಾರು 11 ಸೆ.ಮೀ. ಹೀಗಾಗಿ ಹೊಂದದ ಬಂದೂಕಿನಿಂದ ಹೊಡೆಯುವವರು ಗುರಿಯನ್ನು ಸರಿಯಾಗಿ ಕಂಡೂ ತಪ್ಪಿಸುತ್ತಾರೆ. ತಪ್ಪು ತಮ್ಮದೆಂದು ಭಾವಿಸಿ ಭಂಗಿಯನ್ನು ಕೆಡಿಸಿಕೊಳ್ಳುತ್ತಾರೆ.

ಹೊಂದಿಕೆಯಲ್ಲಿ ಗಮನಿಸಬೇಕಾದ ಅಂಶಗಳು:

• ಉದ್ದ: ಟ್ರಿಗರ್‌ನಿಂದ ಸ್ಟಾಕ್‌ನ ಹಿಂತುದಿಯವರೆಗಿನ ದೂರ. ವಯಸ್ಕರ ಬಂದೂಕುಗಳಲ್ಲಿ ಇದು ಸಾಮಾನ್ಯವಾಗಿ 36-37 ಸೆ.ಮೀ. ಇರುತ್ತದೆ. ಹೆಚ್ಚು ಉದ್ದವಾದರೆ ಬಂದೂಕು ಎತ್ತುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ತೀರಾ ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ.
• ಎತ್ತರ: ಕೆನ್ನೆ ಆನಿಸುವ ಅಂಚಿನ ಎತ್ತರ. ಟ್ರ್ಯಾಪ್ ಬಂದೂಕಿನಲ್ಲಿ ಇದು ಬೇಟೆ ಬಂದೂಕಿಗಿಂತ ಎತ್ತರ. ಇದರಿಂದ ಚರೆಗಳ ಹೆಚ್ಚಿನ ಪಾಲು ಗುರಿಬಿಂದುವಿಗಿಂತ ಮೇಲೆ ಬೀಳುತ್ತದೆ. ಏರುತ್ತಿರುವ ಬಿಲ್ಲೆಯನ್ನು ನಳಿಗೆಯಿಂದ ಮರೆಮಾಡದೆ, ಮಣಿಯ ಮೇಲೆ ಕಾಣುತ್ತಲೇ ಹೊಡೆಯಬಹುದು.
• ಓರೆ: ಸ್ಟಾಕ್ ಬಲಕ್ಕೋ ಎಡಕ್ಕೋ ಬಾಗಿರುವ ಪ್ರಮಾಣ. ಬಲಗೈಯವರಿಗೆ ಬಾಗಿಸಿದ ಸ್ಟಾಕ್ ಎಡಗೈಯವರಿಗೆ ಒಗ್ಗುವುದಿಲ್ಲ.
• ಪ್ರಬಲ ಕಣ್ಣು: ಎರಡೂ ಕಣ್ಣು ತೆರೆದು ದೂರದ ವಸ್ತುವಿನತ್ತ ಬೆರಳು ತೋರಿಸಿ, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ ಪ್ರಬಲ ಕಣ್ಣು ಯಾವುದೆಂದು ತಿಳಿಯುತ್ತದೆ. ಯಾವ ಭುಜದಿಂದ ಹೊಡೆಯಬೇಕೆಂಬುದನ್ನು ಬಂದೂಕು ಕೊಳ್ಳುವ ಮುನ್ನವೇ ಇದರಿಂದ ನಿರ್ಧರಿಸಿಕೊಳ್ಳುವುದು ಸೂಕ್ತ.

ಕೆನ್ನೆಯ ಅಂಚನ್ನೂ ಉದ್ದವನ್ನೂ ಹೊಂದಿಸಬಹುದಾದ ಸ್ಟಾಕ್‌ಗಳು ಬೆಳೆಯುವ ವಯಸ್ಸಿನವರಿಗೂ, ಒಂದೇ ಬಂದೂಕನ್ನು ಹಂಚಿಕೊಳ್ಳುವ ಕುಟುಂಬಗಳಿಗೂ ಅನುಕೂಲ. ಹೊಂದಿಕೆಯನ್ನು ಪರೀಕ್ಷಿಸಲು ದೊಡ್ಡ ಕಾಗದದ ಹಾಳೆಗೆ ಕೆಲವು ಬಾರಿ ಹೊಡೆದು ಚರೆಗಳ ಗುಂಪಿನ ನಡುಬಿಂದು ಎಲ್ಲಿ ಬೀಳುತ್ತದೆಂದು ನೋಡಲಾಗುತ್ತದೆ.

ತೂಕ, ಕಾಡತೂಸು ಮತ್ತು ಒದೆತ

ಟ್ರ್ಯಾಪ್ ಬಂದೂಕುಗಳ ತೂಕ ಬಹುಮಟ್ಟಿಗೆ 3.6ರಿಂದ 4.1 ಕಿ.ಗ್ರಾಂ. ಬೇಟೆಗಾರ ದಿನವಿಡೀ ಬಂದೂಕು ಹೊತ್ತು ನಡೆದು ಕೆಲವೇ ಬಾರಿ ಹೊಡೆಯುತ್ತಾನೆ. ಟ್ರ್ಯಾಪ್ ಆಡುವವರು ಒಂದೇ ಬೆಳಿಗ್ಗೆ ನೂರು ಬಾರಿ ಹೊಡೆಯಬಹುದು. ಅದೇ ಕಾಡತೂಸಿಗೆ ಭಾರವಾದ ಬಂದೂಕು ಕಡಿಮೆ ಒದೆಯುತ್ತದೆ. ಒದೆತದ ಅಂಜಿಕೆ ಒಮ್ಮೆ ಮೈಗೂಡಿದರೆ, ಟ್ರಿಗರ್ ಒತ್ತುವ ಕ್ಷಣದಲ್ಲಿ ಮೈ ತಾನಾಗಿ ಬೆದರುವ ಅಭ್ಯಾಸವಾಗಿ ಅದು ಉಳಿಯುತ್ತದೆ. ಅದನ್ನು ಬಿಡಿಸುವುದು ಕಷ್ಟ.

ಅಮೆರಿಕನ್ ಟ್ರ್ಯಾಪ್ ನಿಯಮಗಳಲ್ಲಿ ಚರೆಗಳ ತೂಕದ ಗರಿಷ್ಠ ಮಿತಿ ಸುಮಾರು 32 ಗ್ರಾಂ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ 24 ಗ್ರಾಂ. ಹೊಸಬರು 24 ಅಥವಾ 28 ಗ್ರಾಂ ಕಾಡತೂಸಿನಿಂದ ಆರಂಭಿಸಿದರೆ 12 ಗೇಜ್ ಬಂದೂಕೂ ಸಹ್ಯವಾಗಿರುತ್ತದೆ.

ಮೊದಲ ಬಂದೂಕಿನ ಆಯ್ಕೆ

ಕೊಳ್ಳುವ ಮುನ್ನ ತರಬೇತುದಾರರ ನೆರವಿನಿಂದ ಕ್ಲಬ್‌ನ ಹಲವು ಬಂದೂಕುಗಳನ್ನು ಬಳಸಿ ನೋಡುವುದು ಉತ್ತಮ ಕ್ರಮ. ಆಡಬೇಕಾದ ಪ್ರಕಾರವನ್ನು ಮೊದಲು ನಿರ್ಧರಿಸಿದರೆ ವಿಧದ ಆಯ್ಕೆ ಸುಲಭವಾಗುತ್ತದೆ. ಒಂಟಿ ಬಿಲ್ಲೆಗೆ ಮಾತ್ರವಾದರೆ ಒಂಟಿ ನಳಿಗೆ, ಎಲ್ಲ ಪ್ರಕಾರಗಳಿಗಾದರೆ ಮೇಲು-ಕೆಳಗಿನ ಜೋಡು ನಳಿಗೆ, ಒದೆತ ಸಹಿಸಲಾಗದವರಿಗೆ ಅನಿಲದಿಂದ ನಡೆಯುವ ಅರೆಸ್ವಯಂಚಾಲಿತ ಬಂದೂಕು ಒಗ್ಗುತ್ತದೆ.

ಬೆಲೆಯನ್ನು ಲೆಕ್ಕಹಾಕುವಾಗ ಕಾಡತೂಸಿನ ಖರ್ಚನ್ನು ಮರೆಯಬಾರದು. ವಾರಕ್ಕೆ 100 ಬಿಲ್ಲೆ ಹೊಡೆಯುವವರಿಗೆ ವರ್ಷಕ್ಕೆ 5,200 ಕಾಡತೂಸುಗಳು ಬೇಕು. ಇದ್ದ ಹಣವನ್ನೆಲ್ಲ ಬಂದೂಕಿಗೆ ಸುರಿದು ಅಭ್ಯಾಸಕ್ಕೆ ಕೈ ಬಿಗಿಹಿಡಿಯುವುದಕ್ಕಿಂತ, ಸಾಧಾರಣ ಬೆಲೆಯ ಹೊಂದುವ ಬಂದೂಕಿನಿಂದ ಹೆಚ್ಚು ಅಭ್ಯಾಸ ಮಾಡುವುದು ಫಲಕಾರಿ.

ಬಳಸಿದ ಬಂದೂಕಿನಲ್ಲಿ ನಳಿಗೆಯ ಒಳಗಿನ ತಗ್ಗು ಮತ್ತು ತುಕ್ಕು, ಕೀಲಿನ ಸಡಿಲಿಕೆ, ಹಿಡಿಯ ಬಳಿ ಮರದ ಬಿರುಕು, ಚೋಕ್ ಸಲೀಸಾಗಿ ಬಿಚ್ಚಿ ಬರುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು. ತಂತಿ-ಪಟ್ಟಿ ಹೆಣೆದು ಬೆಸೆದ ಹಳೆಯ ಡಮಾಸ್ಕಸ್ ನಳಿಗೆಗಳಲ್ಲಿ ಈಗಿನ ಕಾಡತೂಸು ಬಳಸುವುದು ಅಪಾಯಕರ.

ಸುರಕ್ಷತೆ

ತನ್ನ ಸ್ಥಾನದಲ್ಲಿ ನಿಂತು ಸರದಿ ಬರುವವರೆಗೆ ಬಂದೂಕನ್ನು ಖಾಲಿಯಾಗಿ, ತೆರೆದಿಡುವುದು ಎಲ್ಲ ಮೈದಾನಗಳ ನಿಯಮ. ಮಡಚುವ ಬಂದೂಕು ಖಾಲಿಯಿದೆ ಎಂಬುದು ಸುತ್ತಲಿನವರಿಗೆ ದೂರದಿಂದಲೇ ಕಾಣುವುದರಿಂದ ಕಲಿಯುವವರಿಗೆ ಅದನ್ನು ಸೂಚಿಸುವವರು ಹೆಚ್ಚು. ಕಣ್ಣು ಮತ್ತು ಕಿವಿಗಳ ರಕ್ಷಣಾ ಸಾಧನಗಳು ಅಗತ್ಯ.

12 ಮತ್ತು 20 ಗೇಜ್ ಕಾಡತೂಸುಗಳನ್ನು ಒಂದೇ ಚೀಲದಲ್ಲಿ ಬೆರೆಸಬಾರದು. 20 ಗೇಜ್ ಕಾಡತೂಸು 12 ಗೇಜ್ ನಳಿಗೆಯೊಳಗೆ ಜಾರಿ ಕಣ್ಣಿಗೆ ಬೀಳದಂತೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ 12 ಗೇಜ್ ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಈ ಕಾರಣಕ್ಕಾಗಿಯೇ 20 ಗೇಜ್ ಕಾಡತೂಸುಗಳಿಗೆ ಹಳದಿ ಬಣ್ಣವನ್ನು ಮೀಸಲಿಡಲಾಗಿದೆ.

ಭಾರತದಲ್ಲಿ

ಭಾರತದಲ್ಲಿ ಸ್ಪರ್ಧಾತ್ಮಕ ಶೂಟಿಂಗನ್ನು 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆ ನಿರ್ವಹಿಸುತ್ತದೆ. ಇಲ್ಲಿ ಪ್ರಮುಖವಾಗಿರುವುದು ಒಲಿಂಪಿಕ್ ಟ್ರ್ಯಾಪ್. ಬಿಕಾನೇರಿನ ಕರ್ಣಿ ಸಿಂಗ್ 1962ರ ಕೈರೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಪದಕ ಗಳಿಸಿದರು. ಮಾನವಜಿತ್ ಸಿಂಗ್ ಸಂಧು 2006ರಲ್ಲಿ ಟ್ರ್ಯಾಪ್ ವಿಶ್ವ ಚಾಂಪಿಯನ್ ಆದರು. ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಪದಕ ಪಡೆದರು.

ಶಸ್ತ್ರಾಸ್ತ್ರ ಕಾಯ್ದೆ, 1959ರ ಪ್ರಕಾರ ಬಂದೂಕು ಹೊಂದಲು ಪರವಾನಗಿ ಕಡ್ಡಾಯ. ಕೊಡಗಿನ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕೊಡಗು ಮತ್ತು ಮಲೆನಾಡಿನ ಮನೆಗಳಲ್ಲಿ ಕಾಣಸಿಗುವ 12 ಬೋರ್ ಜೋಡು ನಳಿಗೆಯ ಕೋವಿಗಳು ತೋಟ-ಗದ್ದೆಗಳ ಕಾವಲಿಗೂ ಬೇಟೆಗೂ ಬಳಕೆಯಾಗುತ್ತಿದ್ದಂಥವು. ಗೇಜ್ ಒಂದೇ ಆದರೂ ತೂಕ, ಸ್ಟಾಕ್‌ನ ಎತ್ತರ ಮತ್ತು ಹೊಡೆತ ಬೀಳುವ ಸ್ಥಾನಗಳಲ್ಲಿ ಅವು ಟ್ರ್ಯಾಪ್ ಬಂದೂಕಿಗಿಂತ ಭಿನ್ನ.